ಭೂವಿಜ್ಞಾನಕ್ಕೊಂದು ಸಂಘ ಯಾಕೆ ಬೇಕು? ನಮ್ಮ ಮಲೆನಾಡಿಗೆ ಅದರಿಂದ ಏನಾದೀತು?

ಮೇಗರವಳ್ಳಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೋದ ವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ರಸ್ತೆ ಅಗಲ ಮಾಡಲು ದರೆ (ಗುಡ್ಡದ ಬದಿಯ ಕಡಿದಾದ ಮಣ್ಣಿನ ಗೋಡೆ) ಕಡಿದ ಜಾಗದಿಂದ ಒಂದು ಕಲ್ಲು ತಂದಳು. ಮುಷ್ಟಿ ಗಾತ್ರ. ಮೈ ತುಂಬ ಕಪ್ಪು ಬಿಳಿ ಪಟ್ಟೆ, ಜಮಖಾನದ ಹಾಗೆ. "ಸರ್, ಪುಸ್ತಕದಲ್ಲಿ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಮೂರು ಇದೆಯಲ್ಲ, ಇದು ಯಾವುದು?" ಅಂದಳು. ರೂಪಾಂತರ ಶಿಲೆ ಅಂದೆ. "ಹಾಗಾದ್ರೆ ರೂಪ ಬದಲಾಗೋಕೆ ಮೊದಲು ಏನಾಗಿತ್ತು?" ಅಂದಳು. ನನಗೆ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಅಂದೆ. ಇವತ್ತಿಗೆ ಎಂಟು ದಿನ ಆಯಿತು.

ಯಾರನ್ನು ಕೇಳಲಿ? ಗಿಡದ ಬಗ್ಗೆ ಕೇಳಲು ನಮ್ಮ ಕಡೆ ಹತ್ತು ಜನ ಇದ್ದಾರೆ. ಹಕ್ಕಿ ನೋಡುವವರ ಗುಂಪಿದೆ. ಹಾವು, ಕಪ್ಪೆ ಅಂದರೆ ಆಗುಂಬೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಕಾಲ ಕೆಳಗಿನ ಕಲ್ಲಿಗೆ ಮಾತ್ರ ಯಾರೂ ಇಲ್ಲ. ಶಿವಮೊಗ್ಗದಲ್ಲಿ ಭೂವಿಜ್ಞಾನಕ್ಕೆ ಒಂದು ಸಣ್ಣ ಸಂಘ ಕಟ್ಟೋಣ ಅಂತ ಇಬ್ಬರು ಮೂವರು ಗೆಳೆಯರು ಮಾತಾಡಿಕೊಂಡಿದ್ದೇವೆ. ಒಬ್ಬರು ಮಾತ್ರ ಬೇಡ ಅಂದರು: "ಇಲಾಖೆ ಇದೆ, ಯೂನಿವರ್ಸಿಟಿ ಇದೆ, ಮತ್ತೆ ಸಂಘ ಎಂತಕ್ಕೆ?" ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು. ಗೊತ್ತಿದ್ದವರು ಹೇಳಿ. ಇಂಥ ಸಂಘ ನಿಜವಾಗಿ ಏನು ಮಾಡುತ್ತದೆ?

ಹಳೇ ಸುತ್ತಿಗೆ

ಮೇಷ್ಟ್ರೇ, ಮೊದಲು ಆ ಹುಡುಗಿಗೆ ಉತ್ತರ ಹೇಳಿಬಿಡಿ, ಎಂಟು ದಿನ ಕಾದಿದ್ದಾಳೆ. ನೀವು ಹೇಳಿದ ಲಕ್ಷಣ ನೋಡಿದರೆ ಅದು ನೈಸ್. ನಮ್ಮ ರಾಜ್ಯದ ಬಹುಪಾಲು ನೆಲಕ್ಕೆ ಅದೇ ಪಾಯ. ಮೊದಲು ಅದು ಗ್ರಾನೈಟಿನ ಥರದ್ದೇ ಕಲ್ಲಾಗಿತ್ತು. ನೆಲದೊಳಗೆ ಕರಗಿ, ಗಟ್ಟಿಯಾಗಿ, ಆಮೇಲೆ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಹಿಂಡಿದ ಹಾಗಾಗಿ ಅದರೊಳಗಿನ ಖನಿಜಗಳು ಪಟ್ಟೆಪಟ್ಟೆಯಾಗಿ ಬೇರೆಯಾದವು. ವಯಸ್ಸು 300 ಕೋಟಿ ವರ್ಷದ ಆಸುಪಾಸು, ಕೆಲವು ಕಡೆ ಅದಕ್ಕೂ ಜಾಸ್ತಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯೂ ಇದೇ ಜಾತಿ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ನಿಮ್ಮ ಹುಡುಗಿ ಅದರ ಒಡಹುಟ್ಟನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಾಳೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ನಾನು ಮೂವತ್ತು ವರ್ಷ ಸರ್ಕಾರಿ ಕೆಲಸದಲ್ಲಿ ಸುತ್ತಿಗೆ ಹಿಡಿದು ಗುಡ್ಡ ಸುತ್ತಿದವನು, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೈಸೂರು ಸಂಸ್ಥಾನಕ್ಕೆ ತನ್ನದೇ ಭೂವಿಜ್ಞಾನ ಇಲಾಖೆ ಬಂದದ್ದು 1894ರಲ್ಲಿ. ಬ್ರೂಸ್ ಫೂಟ್, ಸ್ಮೀತ್ ಅಂಥವರು ಎತ್ತಿನಗಾಡಿ, ಕುದುರೆ ಮೇಲೆ ಓಡಾಡಿ ನಕಾಶೆ ಮಾಡಿದರು. ಕೆಲಸ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲಾಖೆ ಅಂದಮೇಲೆ ಅಲ್ಲಿ ಒಬ್ಬರು ಮುಖ್ಯಸ್ಥರು ಇರುತ್ತಾರೆ, ಅವರ ಅಭಿಪ್ರಾಯಕ್ಕೆ ತೂಕ ಜಾಸ್ತಿ. ಆಗ ಒಂದು ದೊಡ್ಡ ಜಗಳ ಇತ್ತು. ಬಾಬಾಬುಡನ್, ಶಿವಮೊಗ್ಗ, ಚಿತ್ರದುರ್ಗದ ಕಡೆಯ ಧಾರವಾಡ ಶಿಲೆಗಳು (ಲಾವಾ, ಮರಳು, ಕೆಸರು ಗಟ್ಟಿಯಾಗಿ ಆದ ಕಲ್ಲುಗಳ ಗುಂಪಿಗೆ ಆ ಹೆಸರು) ಹಳೆಯವೋ, ಈ ಪಟ್ಟೆಕಲ್ಲು ನೈಸ್ ಹಳೆಯದೋ? ಧಾರವಾಡ ಶಿಲೆ ನೈಸಿನ ಮೇಲೆ ಕೂತಿದೆ ಅಂತ ಫೂಟ್ ಅಂದಿದ್ದರು. ಇಲ್ಲ, ಧಾರವಾಡದ್ದೇ ಎಲ್ಲಕ್ಕಿಂತ ಹಳೆಯದು, ನೈಸ್ ಆಮೇಲೆ ಕೆಳಗಿನಿಂದ ನುಗ್ಗಿ ಬಂದದ್ದು ಅಂತ, ಮುಂದೆ ಇಲಾಖೆಯ ಮುಖ್ಯಸ್ಥರಾದ ಸ್ಮೀತ್ ಅಂದರು.

ಇದನ್ನು ಬಗೆಹರಿಸುವ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ತರೀಕೆರೆ ಕಡೆ ಕಲ್ದುರ್ಗ ಅಂತ ಗುಡ್ಡ. ಅಲ್ಲಿ ಕಾಂಗ್ಲೋಮರೇಟ್ ಇದೆ, ಅಂದರೆ ಉಂಡೆಗಲ್ಲುಗಳು ಮರಳಿನೊಳಗೆ ಹೂತು ಒಟ್ಟಿಗೆ ಗಟ್ಟಿಯಾದ ಕಲ್ಲು, ಕಡಲೆಕಾಯಿ ಚಿಕ್ಕಿ ಮುರಿದರೆ ಕಾಣುತ್ತಲ್ಲ ಹಾಗೆ. ನಾನು ಮೊದಲ ಸಲ ಹೋದಾಗ ಮಳೆ ಬಂದು ನಿಂತಿತ್ತು. ಒದ್ದೆ ಕಲ್ಲಿನಲ್ಲಿ ಬಣ್ಣ ಚೆನ್ನಾಗಿ ಬಿಡುತ್ತದೆ. ಬೂದು ಕಲ್ಲಿನ ಮಧ್ಯ ಒಂದು ಮೂಸಂಬಿ ಗಾತ್ರದ ಬಿಳಿಚು ಉಂಡೆ, ಲೆನ್ಸ್ ಹಿಡಿದು ನೋಡಿದರೆ ಗ್ರಾನೈಟಿನ ಹರಳುಗಳು. ಧಾರವಾಡ ಶಿಲೆಯ ಹೊಟ್ಟೆಯೊಳಗೆ ಗ್ರಾನೈಟಿನ ಉಂಡೆ ಇದೆ ಅಂದರೆ ನೈಸಿನ ಬಳಗದ ಆ ಗ್ರಾನೈಟು ಮೊದಲೇ ಇತ್ತು, ಹೊಳೆಯಲ್ಲಿ ಉರುಳಿ ನುಣ್ಣಗಾಗಿ ಬಂದು ಕೂತಿತು ಅಂತ ತಾನೇ? ಆದರೆ ಸ್ಮೀತ್ ಕಾಲದಲ್ಲಿ ಇವನ್ನು ಹೊಳೆಯ ಉಂಡೆಗಲ್ಲು ಅಂತ ಒಪ್ಪಲಿಲ್ಲ. ನೆಲ ನುಲಿದು ಕಲ್ಲು ಅಲ್ಲೇ ಪುಡಿಯಾಗಿ ಉಂಡೆಯ ಹಾಗೆ ಆಗಿದೆ ಅಂದರು. ಆ ಮಾತು ಬಹಳ ಕಾಲ ನಡೆಯಿತು.

ಅದು ಬದಲಾಗಲು ಏನು ಬೇಕಾಯಿತು? ಬೇರೆ ಬೇರೆ ಊರಿನ, ಬೇರೆ ಬೇರೆ ಸಂಸ್ಥೆಯ ಜನ ಅದೇ ಕಲ್ಲಿನ ಮುಂದೆ ನಿಂತು ಜಗಳ ಆಡಬೇಕಾಯಿತು. ಅದನ್ನು ಬರೆದು ಅಚ್ಚು ಹಾಕಿಸಬೇಕಾಯಿತು. ಆ ಬರಹಕ್ಕೆ ಇನ್ನೊಬ್ಬರು ತಪ್ಪು ಹುಡುಕಬೇಕಾಯಿತು. ಆಮೇಲೆ ಕಲ್ಲಿನ ವಯಸ್ಸು ಅಳೆಯುವ ವಿಧಾನ ಬಂತು, ಹಳೇ ನೈಸು ಧಾರವಾಡ ಶಿಲೆಗಿಂತ ಹಿರಿಯದು ಅಂತ ಗಟ್ಟಿಯಾಯಿತು. ಹೀಗೆ ಎದುರುಬದುರು ಮಾತಾಡಲು ಒಂದು ಜಗಲಿ ಬೇಕಲ್ಲ, ಸಂಘ ಅಂದರೆ ಆ ಜಗಲಿ. ಬೆಂಗಳೂರಿನಲ್ಲಿ 1958ರಲ್ಲಿ ಹುಟ್ಟಿದ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಅಂಥದ್ದು. ಡಿ.ಎನ್. ವಾಡಿಯಾ ಮೊದಲ ಅಧ್ಯಕ್ಷರು. ಮರುವರ್ಷದಿಂದ ಪತ್ರಿಕೆ. ಬಿ.ಪಿ. ರಾಧಾಕೃಷ್ಣ ಅವರು ದಶಕಗಟ್ಟಲೆ ಅದರ ಸಂಪಾದಕರಾಗಿದ್ದರು. ನಮ್ಮ ರಾಜ್ಯದ ಇಲಾಖೆಯ ನಿರ್ದೇಶಕರೂ ಆಗಿದ್ದವರು, 1991ರಲ್ಲಿ ಪದ್ಮಶ್ರೀ ಬಂತು, 2012ರಲ್ಲಿ ತೀರಿಕೊಂಡರು. ಹಗಲು ಇಲಾಖೆಯ ಕೆಲಸ ಮಾಡಿ ಉಳಿದ ಹೊತ್ತಿನಲ್ಲಿ ಬೇರೆಯವರ ಬರಹ ತಿದ್ದುವುದು ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು.

ಇಲಾಖೆಯಲ್ಲಿ ನಾನು ಬರೆದ ವರದಿ ಫೈಲಿಗೆ ಹೋಗುತ್ತಿತ್ತು. ಪತ್ರಿಕೆಗೆ ಬರೆದದ್ದು ನನಗೆ ಗೊತ್ತೇ ಇಲ್ಲದ ಒಬ್ಬರ ಕೈಗೆ ಹೋಗಿ, ಅವರು ನನ್ನ ತಪ್ಪು ತೋರಿಸಿ ಕಾಗದ ಬರೆಯುತ್ತಿದ್ದರು. ನಾನು ಕಲಿತದ್ದು ಎರಡನೆಯದರಿಂದ.

ಹೊಸನಗರ ತೋಟ

ಸರ್, ನೀವು ಬರೆದದ್ದು ಪೂರ್ತಿ ಓದಿದೆ. ಕಲ್ದುರ್ಗದ ಉಂಡೆ ಕಣ್ಣಿಗೆ ಕಟ್ಟಿದ ಹಾಗಾಯಿತು. ಆದರೆ ನನ್ನದೊಂದು ನೇರ ಪ್ರಶ್ನೆ ಇದೆ, ಬೇಸರ ಮಾಡ್ಕೋಬೇಡಿ. ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಾಗಿ ನಮಗೆ ಏನಾಯಿತು?

2019ರ ಆಗಸ್ಟ್ ಮಳೆ ಎಲ್ಲರಿಗೂ ನೆನಪಿರಬೇಕು. ನಮ್ಮ ಮನೆ ಹಿಂದೆ ಬ್ಯಾಣ (ಹುಲ್ಲು ಬೆಳೆಯುವ ಗುಡ್ಡದ ಇಳಿಜಾರು), ಅದರ ಕೆಳಗೆ ದರೆ, ದರೆಯ ಬುಡದಲ್ಲಿ ಕೊಟ್ಟಿಗೆ. ಅದಕ್ಕೆ ಎರಡು ವರ್ಷ ಮೊದಲು ಅಂಗಳ ದೊಡ್ಡದು ಮಾಡಲು ಜೆಸಿಬಿ ತರಿಸಿ ದರೆ ಕಡಿಸಿದ್ದೆವು. ಮಳೆ ಹಿಡಿದ ನಾಲ್ಕನೇ ದಿನ ನಮ್ಮ ಅತ್ತೆ ಸೊಪ್ಪಿಗೆ ಅಂತ ಮೇಲೆ ಹೋದವರು ಓಡಿ ಬಂದರು. ಬ್ಯಾಣದಲ್ಲಿ ಬಿರುಕು. ಕೈ ಬೆರಳು ಇಳಿಯುವಷ್ಟು ಅಗಲ, ಉದ್ದ ನಮ್ಮ ಮನೆಯಷ್ಟು. ಕಮಾನಿನ ಹಾಗೆ ಬಾಗಿಕೊಂಡು ಎರಡೂ ತುದಿ ಕೆಳಗೆ ನಮ್ಮ ಮನೆ ಕಡೆಗೇ ತಿರುಗಿತ್ತು. ದನ ಬಿಚ್ಚಿ ಅಣ್ಣನ ಮನೆಗೆ ಹೊಡೆದೆವು. ಮೂರು ರಾತ್ರಿ ನಾವೂ ಅಲ್ಲೇ ಮಲಗಿದೆವು.

ಯಾರನ್ನು ಕೇಳೋದು? ಒಬ್ಬರು ಬಂದು ಏನೂ ಆಗಲ್ಲ ಅಂದರು. ಇನ್ನೊಬ್ಬರು ಊರೇ ಬಿಡಿ ಅಂದರು. ಜೆಸಿಬಿಯವರು ಇನ್ನೂ ಸ್ವಲ್ಪ ಕಡಿದು ಇಳಿಜಾರು ಮಾಡೋಣ ಅಂದರು. ಕಚೇರಿಗೆ ಅರ್ಜಿ ಕೊಟ್ಟೆವು, ಫೋಟೋ ತೆಗೆದುಕೊಂಡು ಹೋದರು, ಅಷ್ಟೇ. ಬಿರುಕು ಈಗಲೂ ಇದೆ. ಅತ್ತೆ ಮಣ್ಣು ತುಂಬಿಸಿದ್ದಾರೆ. ಪ್ರತಿ ಜೂನ್‌ನಲ್ಲಿ ನನಗೆ ನಿದ್ದೆ ಬರಲ್ಲ.

ಬೆಂಗಳೂರಿನ ಪತ್ರಿಕೆ ಇಂಗ್ಲಿಷಿನಲ್ಲಿದೆ. ನನ್ನ ಗುಡ್ಡದ ಬಗ್ಗೆ ಅದರಲ್ಲಿ ಬರೆದಿದ್ದರೂ ನನಗೆ ಗೊತ್ತಾಗಲ್ಲ ಅಲ್ವಾ?

ಶಂಕರಘಟ್ಟ ವಿದ್ಯಾರ್ಥಿನಿ

ಅಕ್ಕ, ನಾನು ಇಲ್ಲಿ ಅನ್ವಯಿಕ ಭೂವಿಜ್ಞಾನದಲ್ಲಿ ಎಂಎಸ್ಸಿ ಮಾಡ್ತಿದ್ದೇನೆ. ಜಾಗ ನೋಡದೆ ಏನೂ ಖಚಿತವಾಗಿ ಹೇಳಬಾರದು. ಆದರೆ ನೀವು ಹೇಳಿದ ಎರಡು ವಿಷಯ ತುಂಬ ಮುಖ್ಯ: ಬಿರುಕು ಕಮಾನಿನ ಹಾಗಿದೆ, ಬುಡದಲ್ಲಿ ದರೆ ಕಡಿದಿದೆ. ಮಣ್ಣು ಒಣಗಿ ಬಿಡುವ ಬಿರುಕು ಜೇಡರ ಬಲೆಯ ಹಾಗೆ ಹೇಗೆ ಬೇಕಾದರೂ ಹೋಗುತ್ತದೆ. ಗುಡ್ಡ ಜಾರಲು ಹೊರಟಾಗ ಬರುವುದು ಹೀಗೆ ಬಾಗಿದ ಬಿರುಕು. ದಯವಿಟ್ಟು ಇನ್ನೂ ಕಡಿಸಬೇಡಿ. ಬುಡದ ಮಣ್ಣೇ ಮೇಲಿನದನ್ನು ತಡೆದು ಹಿಡಿದಿರೋದು.

ಒಂದು ಕೇಳಲಾ? ದರೆ ಕಡಿದಾಗ ಮೇಲೆ ಜಂಬಿಟ್ಟಿಗೆ (ಲ್ಯಾಟರೈಟ್ ಅನ್ನುವ ಕೆಂಪು ತೂತುಕಲ್ಲು), ಅದರ ಕೆಳಗೆ ಬಿಳಿಯೋ ತಿಳಿ ಗುಲಾಬಿಯೋ ಇರುವ ನುಣುಪು ಮಣ್ಣು ಸಿಕ್ಕಿತಾ?

ಹೊಸನಗರ ತೋಟ

ಸಿಕ್ಕಿತು ತಂಗಿ! ಶೇಡಿ ಮಣ್ಣು. ಮೊದಲು ಗೋಡೆಗೆ ಬಳಿಯಲು ಅದನ್ನೇ ತರುತ್ತಿದ್ದರು. ಒಣಗಿದಾಗ ಗಟ್ಟಿ, ಮಳೆ ಬಿದ್ದರೆ ಕೈಯಲ್ಲಿ ಬೆಣ್ಣೆ.

ಶಂಕರಘಟ್ಟ ವಿದ್ಯಾರ್ಥಿನಿ

ಅದೇ ಅಕ್ಕ. ಜಂಬಿಟ್ಟಿಗೆಯಲ್ಲಿ ತೂತು ಜಾಸ್ತಿ, ನೀರು ಸಲೀಸಾಗಿ ಇಳಿಯುತ್ತದೆ. ಕೆಳಗಿನ ಶೇಡಿ ನೀರನ್ನು ಬೇಗ ಬಿಟ್ಟುಕೊಡಲ್ಲ. ನೆನೆದು ನೆನೆದು ಅದರ ಹಿಡಿತ ಹೋಗುತ್ತದೆ. ಮೇಲೆ ಭಾರ, ಕೆಳಗೆ ಬೆಣ್ಣೆ, ಮುಂದೆ ತಡೆಯಲು ಏನೂ ಇಲ್ಲದ ಹಾಗೆ ನೆಟ್ಟಗೆ ಕಡಿದ ದರೆ. ನೀವು ಎರಡು ಸಾಲಿನಲ್ಲಿ ಹೇಳಿದ್ದನ್ನು ನಾವು ಎರಡು ಗಂಟೆ ಕ್ಲಾಸಿನಲ್ಲಿ ಕೇಳಿದ್ದೇವೆ.

ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾ ಭೂಕುಸಿತದ ಸಾಧ್ಯತೆ ತೋರಿಸುವ ನಕಾಶೆಗಳನ್ನು ಮಾಡಿದೆ, ಭೂಕೋಶ್ ಅನ್ನುವ ಅವರ ಪೋರ್ಟಲಿನಲ್ಲಿ ನೋಡಬಹುದು. ಆದರೆ ಅವು 1:50,000 ಅಳತೆಯವು. ನೆಲದ ಮೇಲಿನ ಅರ್ಧ ಕಿಲೋಮೀಟರ್ ಅಲ್ಲಿ ಒಂದು ಸೆಂಟಿಮೀಟರ್. ನಿಮ್ಮ ಮನೆ, ದರೆ, ಕೊಟ್ಟಿಗೆ ಎಲ್ಲ ಸೇರಿ ಪೆನ್ನಿನ ಒಂದು ಚುಕ್ಕೆಯೊಳಗೆ ಮುಗಿದುಹೋಗುತ್ತದೆ. ನಕಾಶೆಗೂ ನಿಮ್ಮ ಅಂಗಳಕ್ಕೂ ನಡುವೆ ಇರುವ ಆ ಜಾಗ ತುಂಬಲು ಊರೂರಿನಲ್ಲಿ ನೋಡುವ ಕಣ್ಣು ಬೇಕು. ಅದಕ್ಕೇ ನನಗೆ ಮೇಷ್ಟ್ರ ಸಂಘ ಬೇಕು ಅನ್ನಿಸುತ್ತದೆ.

ವಿನೋಬನಗರ ನಿವಾಸಿ

ನಾನು ವಿರೋಧ ಪಕ್ಷದಿಂದ ಮಾತಾಡುತ್ತೇನೆ. ಸಂಘಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ವಿಜ್ಞಾನದ ಸಂಘಗಳೇ ವಿಜ್ಞಾನಕ್ಕೆ ಅಡ್ಡ ನಿಂತ ಉದಾಹರಣೆ ಬೇಕಾದಷ್ಟಿವೆ. ಖಂಡಗಳು ಸರಿಯುತ್ತವೆ ಅಂತ ವೆಗನರ್ ಅನ್ನುವ ಜರ್ಮನ್ ವಿಜ್ಞಾನಿ 1912ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಭೂವಿಜ್ಞಾನಿಗಳ ಸಂಘದ ಮುಂದೆಯೇ ಹೇಳಿದ. 1926ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಪೆಟ್ರೋಲಿಯಂ ಭೂವಿಜ್ಞಾನಿಗಳ ಸಂಘ ಸಭೆ ಸೇರಿಸಿದಾಗ ದೊಡ್ಡ ದೊಡ್ಡವರು ಅವನ ಮಾತನ್ನು ತಳ್ಳಿಹಾಕಿದರು. ಅವನು 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸತ್ತ. ಜನ ಒಪ್ಪಿದ್ದು 1960ರ ದಶಕದಲ್ಲಿ.

ಇನ್ನೂ ಹಿಂದೆ ಹೋಗಿ. ಜಗತ್ತಿನ ಮೊದಲ ಭೂವಿಜ್ಞಾನ ಸಂಘ ಲಂಡನ್ನಿನದು, 1807. ಅದೇ ಕಾಲದಲ್ಲಿ ವಿಲಿಯಂ ಸ್ಮಿತ್ ಅಂತ ಕಮ್ಮಾರನ ಮಗ, ಕಾಲುವೆ ತೋಡುವ ಕಡೆ ಸರ್ವೆ ಕೆಲಸ ಮಾಡುತ್ತ, ಪದರ ಪದರದಲ್ಲಿ ಸಿಗುವ ಪಳೆಯುಳಿಕೆ ಬೇರೆ ಬೇರೆ ಅಂತ ಕಂಡುಕೊಂಡು, ಒಬ್ಬನೇ ಸುತ್ತಿ 1815ರಲ್ಲಿ ಇಂಗ್ಲೆಂಡಿನ ಕಲ್ಲಿನ ನಕಾಶೆ ಅಚ್ಚು ಹಾಕಿಸಿದ. ಸಂಘದ ಸಾಹುಕಾರರು ಅವನನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. 1819ರಲ್ಲಿ ಸಾಲ ತೀರಿಸಲಾಗದೆ ಜೈಲಿಗೆ ಹೋದ. ಮರುವರ್ಷ ಸಂಘ ತನ್ನದೇ ನಕಾಶೆ ಹೊರತಂದಿತು. ಇಂಥದ್ದೇ ಶಿವಮೊಗ್ಗದಲ್ಲಿ ಕಟ್ಟಿ ಏನು ಮಾಡ್ತೀರಿ? ಹಾರ, ಶಾಲು, ವೇದಿಕೆ, ನಾಲ್ಕು ಜನರ ಭಾಷಣ. ಅಕ್ಕನ ಬಿರುಕಿಗೆ ಅದರಿಂದ ಮಣ್ಣು ಬೀಳುತ್ತದಾ?

ಹಳೇ ಸುತ್ತಿಗೆ

ನೀವು ಹೇಳಿದ್ದು ಅಷ್ಟೂ ನಿಜ. ಅದನ್ನು ಮುಚ್ಚಿಟ್ಟು ಸಂಘ ಕಟ್ಟಿದರೆ ಆ ಸಂಘ ಕೆಟ್ಟದ್ದೇ ಆಗುತ್ತದೆ. ಇನ್ನೊಂದು ಸೇರಿಸುತ್ತೇನೆ, ಲಂಡನ್ನಿನ ಸಂಘ ಹೆಂಗಸರನ್ನು ಸದಸ್ಯರಾಗಿ ತೆಗೆದುಕೊಂಡದ್ದು 1919ರಲ್ಲಿ, ಹುಟ್ಟಿ ನೂರು ವರ್ಷ ದಾಟಿದ ಮೇಲೆ.

ಆದರೆ ಅರ್ಧಕ್ಕೆ ನಿಲ್ಲಿಸಬೇಡಿ. 1831ರಲ್ಲಿ ಅದೇ ಸಂಘ ತನ್ನ ಅತಿ ದೊಡ್ಡ ವುಲಾಸ್ಟನ್ ಪದಕವನ್ನು ಮೊಟ್ಟಮೊದಲು ಕೊಟ್ಟದ್ದು ಅದೇ ಸ್ಮಿತ್‌ಗೆ. ವೆಗನರ್ ವಿಷಯಕ್ಕೆ ಬಂದರೆ, 1926ರ ಸಭೆಯ ಮಾತುಗಳೆಲ್ಲ ಎರಡು ವರ್ಷದಲ್ಲಿ ಪುಸ್ತಕವಾಗಿ ಬಂದವು. ಯಾರು ಯಾವ ಕಾರಣಕ್ಕೆ ಒಪ್ಪಲಿಲ್ಲ ಅಂತ ಹೆಸರು ಸಮೇತ ಇದೆ. ಖಂಡ ತಳ್ಳುವ ಶಕ್ತಿ ಯಾವುದು ಅಂತ ಕೇಳಿದ್ದರು, ಆಗ ಉತ್ತರ ಇರಲಿಲ್ಲ. ಸಮುದ್ರದ ತಳ ಹೊಸದಾಗಿ ಹುಟ್ಟಿ ಎರಡೂ ಕಡೆ ಸರಿಯುತ್ತದೆ ಅಂತ ಆಮೇಲೆ ಗೊತ್ತಾದಾಗ ಆ ಹಳೇ ಆಕ್ಷೇಪಣೆಗೆ ಉತ್ತರ ಕೊಡಲು ಆಯಿತು. ಬರೆದಿಟ್ಟ ತಪ್ಪನ್ನು ತಿದ್ದಬಹುದು. ಬಾಯಲ್ಲಿ ಹೇಳಿ ಮರೆತ ತಪ್ಪನ್ನು ತಿದ್ದಲು ಆಗಲ್ಲ.

ಖಂಡ ಸರಿದ ಸಾಕ್ಷಿಗೆ ನಾವು ದೂರ ಹೋಗಬೇಕಿಲ್ಲ. ಆಗುಂಬೆ ಘಾಟಿ ಇಳಿದು ಉಡುಪಿ ದಾಟಿ ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ. ಅಲ್ಲಿ ಕಂಬ ಕಂಬವಾಗಿ ನಿಂತ ಲಾವಾ ಕಲ್ಲು, ಸುಮಾರು 8.8 ಕೋಟಿ ವರ್ಷದ್ದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಆಗುಂಬೆಯಲ್ಲಿ ಸೂರ್ಯ ಮುಳುಗೋದು ನೋಡಲು ನಿಲ್ಲುತ್ತೇವಲ್ಲ, ಆ ಕಡಿದಾದ ಅಂಚು ಹುಟ್ಟಲು ಕಾರಣ ಆ ಒಡೆತವೇ ಅಂತ ಬಹಳ ಜನ ವಿಜ್ಞಾನಿಗಳು ಹೇಳುತ್ತಾರೆ. ಅಂಚು ಆಮೇಲೆ ಸವೆದು ಸವೆದು ಪೂರ್ವಕ್ಕೆ ಸರಿದಿದೆ, ಅದು ಬೇರೆ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳೋದೂ ಆ ಗೋಡೆಗೆ ಮೋಡ ಬಂದು ತಾಗೋದರಿಂದ. ಹೊಸನಗರದ ತಂಗಿಯ ದರೆ ನೆನೆಯೋದೂ ಅದೇ ಮಳೆಗೆ. "ಯಾವುದು ಮೊದಲು ಯಾವುದು ಆಮೇಲೆ ಗೊತ್ತಾಗಿ ಏನಾಯಿತು" ಅಂತ ಅವರು ಕೇಳಿದರಲ್ಲ. ಬೇರೆ ಬೇರೆ ವಿಷಯ ಅಲ್ಲ ತಂಗಿ. ನಿಮ್ಮ ಬ್ಯಾಣದ ಬಿರುಕು ಆ ಕಥೆಯ ಕೊನೆಯ ಸಾಲು.

ಗೋಪಾಳದ ಹುಡುಗ

ಯಾರೂ ಹುಣಸೋಡಿನ ರಾತ್ರಿ ನೆನಪಿಸಲಿಲ್ಲ. 2021ರ ಜನವರಿ 21. ರಾತ್ರಿ ಹತ್ತೂವರೆ ಹತ್ತಿರ. ಕಿಟಕಿ ಗಾಜು ಅಲುಗಾಡಿತು, ಎಲ್ಲರೂ ಬೀದಿಗೆ ಓಡಿದೆವು, ಭೂಕಂಪ ಅಂತಲೇ ಅಂದುಕೊಂಡೆವು. ಶಿವಮೊಗ್ಗ ಮಾತ್ರ ಅಲ್ಲ, ಚಿಕ್ಕಮಗಳೂರು ಕಡೆಯೂ ಸದ್ದು ಕೇಳಿತ್ತು. ಕ್ವಾರಿ ಹತ್ತಿರ ಸ್ಫೋಟಕ ತುಂಬಿದ ಲಾರಿ ಸಿಡಿದು ಜನ ಸತ್ತಿದ್ದಾರೆ ಅಂತ ಆಮೇಲೆ ತಿಳಿಯಿತು. ಅಲ್ಲಿಯವರೆಗೆ ವಾಟ್ಸ್‌ಆ್ಯಪ್‌ನಲ್ಲಿ ಏನೇನು ಬಂತು! ಇನ್ನೊಂದು ದೊಡ್ಡದು ಬರುತ್ತೆ, ಲಿಂಗನಮಕ್ಕಿ ಒಡೆಯುತ್ತೆ, ಮನೆಯೊಳಗೆ ಹೋಗಬೇಡಿ. ನನ್ನ ಅಜ್ಜಿ ಬೆಳಗಿನ ತನಕ ಚಳಿಯಲ್ಲಿ ಜಗಲಿ ಮೇಲೆ ಕೂತಿದ್ದರು.

ಆ ಒಂದು ಗಂಟೆಯಲ್ಲಿ ನಾವು ನಂಬುವ ಒಬ್ಬರು ಕನ್ನಡದಲ್ಲಿ, "ಭೂಕಂಪದ ಮುನ್ಸೂಚನೆ ಕೊಡಲು ಯಾರಿಂದಲೂ ಆಗಲ್ಲ, ಹಾಗೆ ಹೇಳುವ ಮೆಸೇಜ್ ಸುಳ್ಳು" ಅಂತ ಬರೆದಿದ್ದರೆ ಸಾಕಿತ್ತು. ಇಷ್ಟೇ ನನಗೆ ಸಂಘದಿಂದ ಬೇಕಾದದ್ದು.

ಹಳೇ ಸುತ್ತಿಗೆ

ಇದು ಸಣ್ಣ ಕೆಲಸ ಅಲ್ಲ. ಅಣೆಕಟ್ಟಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಜಲಾಶಯ ತುಂಬಿದ ಕಡೆ ನೆಲ ನಡುಗಿದ್ದು ಉಂಟು. 1967ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಆದದ್ದು 6ಕ್ಕಿಂತ ಜಾಸ್ತಿ ತೀವ್ರತೆಯದು. ಅಲ್ಲಿ ಇವತ್ತಿಗೂ ಸಂಶೋಧನೆ ನಡೆಯುತ್ತಿದೆ. ಹಾಗಂತ ಪ್ರತಿ ಸದ್ದಿಗೂ ಅಣೆಕಟ್ಟು ಒಡೆಯುತ್ತೆ ಅನ್ನಲು ಬರಲ್ಲ. ಎರಡನ್ನೂ ಒಟ್ಟಿಗೆ, ಹೆದರಿಸದೆ, ಮುಚ್ಚಿಡದೆ ಹೇಳಬೇಕು. ಅದಕ್ಕೆ ಮೊದಲೇ ಜನರ ಜೊತೆ ಒಡನಾಟ ಇರಬೇಕು. ಅವತ್ತು ರಾತ್ರಿ ಹೊಸದಾಗಿ ಬಂದು ಹೇಳಿದರೆ ಯಾರು ನಂಬುತ್ತಾರೆ?

ಶಂಕರಘಟ್ಟ ವಿದ್ಯಾರ್ಥಿನಿ

ನನ್ನದೊಂದು ಸಂಕಟ ಇದೆ, ಇಲ್ಲೇ ಕೇಳಿಬಿಡುತ್ತೇನೆ. ಕುಂಸಿ ಕಡೆ, ನಮ್ಮ ಶಂಕರಘಟ್ಟದ ಸುತ್ತ ಸುಣ್ಣಕಲ್ಲಿನಲ್ಲಿ ಸ್ಟ್ರೊಮಟೊಲೈಟ್ ಇವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ಸಮುದ್ರದಲ್ಲಿ ಪಾಚಿಯ ಚಾಪೆಯ ಹಾಗೆ ಹರಡಿ, ಪದರದ ಮೇಲೆ ಪದರ ಕಟ್ಟಿದ ಗುರುತು. 250 ಕೋಟಿ ವರ್ಷಕ್ಕೂ ಹಿಂದಿನದು. ನೋಡಲು ಎಲೆಕೋಸು ಅಡ್ಡ ಕೊಯ್ದ ಹಾಗೆ. ಮೊದಲ ಸಲ ಬೆರಳಿಂದ ಆ ಸುರುಳಿಗಳನ್ನು ಮುಟ್ಟಿದಾಗ ನನಗೆ ಮಾತೇ ಬರಲಿಲ್ಲ. ಶಿವಮೊಗ್ಗ ಆಗ ಸಮುದ್ರದ ದಡ! ಇಂಥ ಜೀವಿಗಳು ಬಿಟ್ಟ ಆಮ್ಲಜನಕವೇ ನೀರಿನಲ್ಲಿ ಕರಗಿದ್ದ ಕಬ್ಬಿಣವನ್ನು ತುಕ್ಕಾಗಿಸಿ ತಳಕ್ಕೆ ಇಳಿಸಿರಬೇಕು ಅಂತ ಬಹಳ ಜನ ವಿಜ್ಞಾನಿಗಳು ಹೇಳುತ್ತಾರೆ. ಕೆಮ್ಮಣ್ಣುಗುಂಡಿಯ ಅದಿರಿನಂಥದ್ದು ಹುಟ್ಟಿದ್ದು ಹಾಗೆ, ಭದ್ರಾವತಿ ಕಾರ್ಖಾನೆ ನಡೆದದ್ದು ಆ ಅದಿರಿನಿಂದ. ನಮ್ಮಪ್ಪ ಅಲ್ಲೇ ದುಡಿದವರು. ಅವರಿಗೆ ಇದನ್ನು ಹೇಳಿದಾಗ ಎರಡು ಸಲ ಹೇಳಿಸಿಕೊಂಡರು.

ಸಂಕಟ ಏನಂದ್ರೆ, ಒಂದು ಜಾಗದಲ್ಲಿ ಚೆಂದದ ತುಂಡನ್ನು ಯಾರೋ ಉಳಿ ಹಾಕಿ ಕಿತ್ತುಕೊಂಡು ಹೋಗಿದ್ದಾರೆ. ಹೊಸ ಗಾಯ, ಸುತ್ತ ಬಿಳಿ ಪುಡಿ. ಜಾಗದ ಹೆಸರು ಹೇಳಿದರೆ ಇನ್ನೂ ಜನ ಬಂದು ಕೀಳುತ್ತಾರೆ. ಹೇಳದಿದ್ದರೆ ಒಂದು ದಿನ ಅದು ಜಲ್ಲಿಯಾಗಿ ಕ್ರಷರ್‌ಗೆ ಹೋದರೂ ಯಾರಿಗೂ ಗೊತ್ತಾಗಲ್ಲ. ಏನು ಮಾಡಲಿ?

ವಿನೋಬನಗರ ನಿವಾಸಿ

ಇದಕ್ಕೆ ನಾನು ಸಂಘದ ಪರ ಆಗುತ್ತೇನೆ. ಊರವರಿಗೆ ಹೇಳಿ, ಹೊರಗಿನವರಿಗೆ ಬೇಡ. ನಮ್ಮೂರಿನ ವೀರಗಲ್ಲು ಉಳಿದಿರೋದು ಕಾವಲಿನಿಂದ ಅಲ್ಲ, ಅದು ನಮ್ಮದು ಅಂತ ಊರಿಗೆ ಗೊತ್ತಿರೋದರಿಂದ. ಆ ಗ್ರಾಮ ಪಂಚಾಯಿತಿಯವರನ್ನು, ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಕೇಳಲು ಒಂದು ಕಾಗದದ ಮೇಲೆ ಸಂಘದ ಹೆಸರಿದ್ದರೆ ಪಂಚಾಯಿತಿಯಲ್ಲೂ ಮಾತಿಗೆ ತೂಕ ಬರುತ್ತದೆ. ಒಬ್ಬಳೇ ಹುಡುಗಿ ಹೋದರೆ ನಾಳೆ ಬಾ ಅಂತಾರೆ.

ಆಯನೂರು ಬೋರ್‌ವೆಲ್

ನಮಸ್ಕಾರ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಬೋರ್‌ವೆಲ್ ಲಾರಿಯಲ್ಲಿ 19 ವರ್ಷ ಆಯಿತು. ನಿಮ್ಮ ಮಾತಿನ ಮಧ್ಯ ಬರಬಹುದೋ ಇಲ್ವೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಪಾಯಿಂಟ್ ನೋಡುವವರು ತೆಂಗಿನಕಾಯಿ ಹಿಡಿದು ಹೇಳಿದ ಕಡೆ ನಾವು ತೂತು ಹೊಡೆಯುತ್ತೇವೆ. ನೀರು ಬಂದರೆ ಅವರ ಹೆಸರು, ಬರದಿದ್ದರೆ ರೈತನ ಹಣೆಬರಹ. ಒಬ್ಬ ಅಣ್ಣ ಮೂರು ಬೋರು ಹೊಡೆಸಿ, ಮೂರೂ ಒಣಗಿ, ಹೆಂಡತಿಯ ಬಳೆ ಮಾರಿದ್ದು ನಾನು ನೋಡಿದ್ದೇನೆ. ಅವತ್ತಿಂದ ಒಂದು ಡೈರಿ ಬರೆಯಲು ಶುರು ಮಾಡಿದೆ. ಯಾವ ಊರು, ಮಣ್ಣು ಕುಸಿಯದ ಹಾಗೆ ಇಳಿಸುವ ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತು, ಎಷ್ಟು ಅಡಿಯಲ್ಲಿ ಧೂಳಿನ ಬಣ್ಣ ಬದಲಾಯಿತು, ಎಷ್ಟರಲ್ಲಿ ತೇವ, ಎಷ್ಟರಲ್ಲಿ ನೀರು, ಎಷ್ಟು ಇಂಚು. ಈಗ ಆರು ನೋಟ್‌ಬುಕ್ ಆಗಿದೆ. ಒಂದು ಪುಟದಿಂದ ಹಾಗೇ ಬರೆಯುತ್ತೇನೆ:

"ಕೇಸಿಂಗ್ 70. 70ರಿಂದ ಬಿಳಿ ಬೂದು ಧೂಳು, ಗಟ್ಟಿ. 140ರಲ್ಲಿ ಕಪ್ಪು ಧೂಳು, ಬಿಟ್ ಬಿಸಿ. 185 ಸಡಿಲು, ರಾಡ್ ಜಾರಿತು, ನೀರು 1 ಇಂಚು. 310 ತನಕ ಹೋದೆವು, ಜಾಸ್ತಿ ಆಗಲಿಲ್ಲ."

ಇದು ಯಾರಿಗಾದರೂ ಉಪಯೋಗ ಆಗುತ್ತಾ?

ಹಳೇ ಸುತ್ತಿಗೆ

ಅಣ್ಣಾ, ನಿಮ್ಮ ಬರಹ ಓದಿ ಕುರ್ಚಿಯಿಂದ ಎದ್ದು ನಿಂತೆ. ಮಧ್ಯ ಬರಬಹುದೋ ಅಂತ ಕೇಳಿದಿರಲ್ಲ, ಈ ಮಾತಿನಲ್ಲಿ ನೀವೇ ನಡುಮನೆಯವರು.

ಮೇಷ್ಟ್ರೇ, ಎಲ್ಲರಿಗೂ ಅರ್ಥ ಆಗಲಿ ಅಂತ ಬಿಡಿಸಿ ಹೇಳುತ್ತೇನೆ. ಕೇಸಿಂಗ್ 70 ಅಂದರೆ ಅಲ್ಲಿ 70 ಅಡಿ ತನಕ ಕಲ್ಲು ಕೊಳೆತು ಮಣ್ಣಾಗಿದೆ, ಗಟ್ಟಿ ಕಲ್ಲು ಅಲ್ಲಿಂದ ಶುರು. ಬಿಳಿ ಬೂದು ಧೂಳು ನೈಸ್ ಇರಬೇಕು, ನಿಮ್ಮ ಹುಡುಗಿಯ ಕಲ್ಲು. 140ರ ಕಪ್ಪು ಧೂಳು ನೈಸನ್ನು ಸೀಳಿಕೊಂಡು ಬಂದ ಕರಿಕಲ್ಲಿನ ಪಟ್ಟಿ ಇದ್ದೀತು. ಅದರ ಆಚೆ ರಾಡ್ ಜಾರಿದ್ದು ಬಿರುಕು. ನಮ್ಮ ಕಡೆ ಗಟ್ಟಿ ಕಲ್ಲಿನೊಳಗೆ ನೀರಿನ ಹೊಳೆ ಹರಿಯಲ್ಲ, ನೀರು ಇರೋದು ಮೇಲಿನ ಕೊಳೆತ ಪದರದಲ್ಲಿ ಮತ್ತು ಇಂಥ ಬಿರುಕುಗಳಲ್ಲಿ ಮಾತ್ರ. ಒಂದು ಬೋರಿನ ಲೆಕ್ಕದಿಂದ ಏನೂ ಗೊತ್ತಾಗಲ್ಲ. ಆರು ನೋಟ್‌ಬುಕ್ಕಿನ ಬೋರುಗಳನ್ನು ನಕಾಶೆ ಮೇಲೆ ಚುಕ್ಕೆ ಇಟ್ಟು ನೋಡಿದರೆ ಕರಿಕಲ್ಲು ಯಾವ ದಿಕ್ಕಿಗೆ ಹೋಗುತ್ತದೆ, ಕೊಳೆತ ಪದರ ಎಲ್ಲಿ ದಪ್ಪ, ಎಲ್ಲಿ ಹೊಡೆಸುವುದೇ ದಂಡ ಅಂತ ಕಾಣಿಸಲು ಶುರುವಾಗುತ್ತದೆ. ಹಣ ಕೊಟ್ಟರೂ ಇಂಥ ದಾಖಲೆ ಸಿಗಲ್ಲ.

ವಿನೋಬನಗರದವರು ವಿಲಿಯಂ ಸ್ಮಿತ್ ಕಥೆ ಹೇಳಿದರಲ್ಲ, ಕಾಲುವೆ ತೋಡುವ ಕಡೆ ನಿಂತು ಪದರ ನೋಡಿದವನು. ಆಯನೂರಿನವರನ್ನು ಹೊರಗೆ ನಿಲ್ಲಿಸುವ ಸಂಘ ನಮಗೆ ಬೇಡ.

ವಿನೋಬನಗರ ನಿವಾಸಿ

ಒಪ್ಪಿದೆ. ನನಗೆ ಕಂಪ್ಯೂಟರಿನಲ್ಲಿ ನಕಾಶೆ ಮಾಡುವ ಕೆಲಸ ಗೊತ್ತು, ಅದೇ ನನ್ನ ಉದ್ಯೋಗ. ನೋಟ್‌ಬುಕ್ ಫೋಟೋ ತೆಗೆದು ಕೊಟ್ಟರೆ ಸಂಜೆ ಹೊತ್ತು ಕೂತು ಚುಕ್ಕೆ ಇಡುತ್ತೇನೆ. ರೈತರ ಹೆಸರು, ಸರ್ವೆ ನಂಬರ್ ಹೊರಗೆ ಬಿಡಬಾರದು, ಅದೊಂದು ಷರತ್ತು.

ಆಯನೂರು ಬೋರ್‌ವೆಲ್

ಆಯ್ತು ಸರ್. ಕೊಡುತ್ತೇನೆ. ಎರಡನೇ ನೋಟ್‌ಬುಕ್ ಮಳೆಗೆ ನೆನೆದು ಕೆಲವು ಹಾಳೆ ಅಂಟಿಕೊಂಡಿವೆ, ನಿಧಾನಕ್ಕೆ ಬಿಡಿಸಬೇಕು.

ಮೇಗರವಳ್ಳಿ ಮೇಷ್ಟ್ರು

ಇಷ್ಟು ಮಾತು ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಹುಡುಗಿಗೆ ಉತ್ತರ ಹೇಳಿದೆ. 300 ಕೋಟಿ ಅಂದ ತಕ್ಷಣ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಅವಳ ಪ್ರಶ್ನೆ: "ವಯಸ್ಸು ಹೇಗೆ ಗೊತ್ತಾಯಿತು ಸರ್?" ಸುತ್ತಿಗೆ ಸರ್, ಅದನ್ನು ನೀವೇ ಬಂದು ಹೇಳಬೇಕು.

ಸಂಘದ ಹೆಸರು, ರಿಜಿಸ್ಟ್ರೇಷನ್ ಎಲ್ಲ ಆಮೇಲೆ ನೋಡೋಣ. ಮೊದಲು ಒಂದು ಭಾನುವಾರ ಸೇರೋಣ, ಸಭಾಂಗಣದಲ್ಲಿ ಬೇಡ, ನಮ್ಮ ಶಾಲೆ ಹತ್ತಿರ ದರೆ ಕಡಿದ ಜಾಗದಲ್ಲಿ. ಅಲ್ಲಿ ಮೇಲೆ ಜಂಬಿಟ್ಟಿಗೆ, ನಡುವೆ ಶೇಡಿ, ಬುಡದಲ್ಲಿ ನೈಸ್, ಮೂರೂ ಒಂದೇ ಕಡೆ ಕಾಣುತ್ತವೆ. ಆಡಿದ ಮಾತೆಲ್ಲ ಕನ್ನಡದಲ್ಲಿ ಬರೆದಿಡಬೇಕು, ಯಾರು ಯಾರ ಮಾತನ್ನು ಯಾಕೆ ಒಪ್ಪಲಿಲ್ಲ ಅನ್ನೋದೂ ಸೇರಿ. ಆ ಕೆಲಸ ನನ್ನದು. ಊಟಕ್ಕೆ ನಮ್ಮ ಮನೆ. ಅಲ್ಲಿಂದ ಮಧ್ಯಾಹ್ನ ಹೊಸನಗರದ ಅಕ್ಕನ ಮನೆಗೆ ಹೋಗಿ ಬಿರುಕು ನೋಡಬಹುದಾ? ಅಕ್ಕ ಒಪ್ಪಿದರೆ ಮಾತ್ರ.

ಶಂಕರಘಟ್ಟ ವಿದ್ಯಾರ್ಥಿನಿ

ನಾವು ನಾಲ್ಕು ಜನ ಬರುತ್ತೇವೆ. ಅಕ್ಕ, ನಾವು ಬರುವ ತನಕ ಒಂದು ಕೆಲಸ ಮಾಡ್ತೀರಾ? ಬಿರುಕಿನ ಆ ಕಡೆ ಒಂದು, ಈ ಕಡೆ ಒಂದು ಗೂಟ ಗಟ್ಟಿಯಾಗಿ ಹೊಡೆಯಿರಿ. ಗೂಟದ ತಲೆಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ಟೇಪು ಹಿಡಿದು ಅಳೆದು ತಾರೀಕು ಬರೆದಿಡಿ. ಇಂಥ ಜೋಡಿ ಮೂರು ಕಡೆ ಇರಲಿ. ದಿನಾ ಒಂದೇ ಹೊತ್ತಿಗೆ ಅಳೆಯಿರಿ, ಅವತ್ತಿನ ಮಳೆಯನ್ನೂ ಬರೆಯಿರಿ. ಅಂತರ ಹೆಚ್ಚುತ್ತಾ ಹೋದರೆ ಯಾರನ್ನೂ ಕಾಯಬೇಡಿ, ಮನೆ ಬಿಟ್ಟು ಹೊರಡಿ. ಇನ್ನೊಂದು, ಮೇಲಿನ ಮಳೆ ನೀರು ಬಿರುಕಿಗೆ ಇಳಿಯದ ಹಾಗೆ ಆಚೆ ತಿರುಗಿಸುವ ಅಗಳು (ಕಾಲುವೆ) ತೆಗೆಸಿದ್ದೀರಾ?

ಹೊಸನಗರ ತೋಟ

ಎಲ್ಲರೂ ಬನ್ನಿ, ಕೇಳಬೇಕಾ? ಮಧ್ಯಾಹ್ನದ ಕಾಫಿ, ತಿಂಡಿ ನಮ್ಮಲ್ಲಿ. ಅಗಳು ಇತ್ತು, ತರಗೆಲೆ ತುಂಬಿ ಮುಚ್ಚಿಹೋಗಿತ್ತು, ನಿನ್ನೆ ಆಳು ಕರೆದು ಬಿಡಿಸಿದೆ. ಮಳೆ ಲೆಕ್ಕ ನಮ್ಮ ಮಾವ ತೋಟಕ್ಕೆ ಅಂತ ಮೊದಲಿಂದಲೂ ಬರೆಯುತ್ತಿದ್ದರು, ಅವರು ಹೋದ ಮೇಲೆ ನಾನು ಬರೆಯುತ್ತೇನೆ, ಹಳೇ ಪುಸ್ತಕಗಳು ಅಟ್ಟದ ಮೇಲಿವೆ, ಇಳಿಸಿಡುತ್ತೇನೆ.

ಗೂಟ ಇವತ್ತು ಬೆಳಿಗ್ಗೆ ಹೊಡೆದೆವು. ಹೊಡೆದದ್ದು ಅತ್ತೆ, ಟೇಪು ಹಿಡಿದದ್ದು ನಾನು. ಹಲಸಿನ ಮರದ ಹತ್ತಿರದ್ದು 1 ಮೀಟರ್ 12 ಸೆಂಟಿಮೀಟರ್ 4 ಮಿಲಿಮೀಟರ್. ನಡುವಿನದು 98 ಸೆಂಟಿಮೀಟರ್ ಸರಿಯಾಗಿ. ಕೊಟ್ಟಿಗೆ ಮೇಲಿನದು 1 ಮೀಟರ್ 6 ಸೆಂಟಿಮೀಟರ್ 9 ಮಿಲಿಮೀಟರ್. ಮಳೆ ಇಲ್ಲ. ನಾಳೆ ಏಳು ಗಂಟೆಗೆ ಮತ್ತೆ ಅಳೆದು ಇಲ್ಲೇ ಹಾಕುತ್ತೇನೆ.